ಶಾಮೀದಸಾಬನ ಎರಡು ಹೌದು

ಕಲ್ಲೂರಿನ ಶಾಮೀದಸಾಬನ ಬಾಯಲ್ಲಿ 'ಇಲ್ಲ' ಎಂಬ ಮಾತು ಕೇಳಿದವರೇ ಇರಲಿಲ್ಲ. ಯಾರು ಏನೇ ಕೇಳಲಿ, ಮನೆಯ ಉರ್ದುವಿನಲ್ಲಾದರೆ 'ಹೌ', ಹೊರಗಾದರೆ 'ಹೌದು'. ಸೈಕಲ್ ಕೇಳಿದವನಿಗೂ ಹೌದು, ಒಂದೇ ದಿನದ ಎರಡು ಮದುವೆಗೆ ಕರೆದವರಿಬ್ಬರಿಗೂ ಹೌದು. ಹೆಂಡತಿ ಖುರ್ಷೀದ್ ಬೇಗಂ ಹಣೆ ಬಡಿದುಕೊಳ್ಳುತ್ತಿದ್ದಳು: "ಮನಿ ಮಾರ್ತೀಯೇನು ಅಂದ್ರೂ ಹೌದು ಅಂತಾನ ಈ ಮನಷ್ಯಾ."

ಇಂಥವನಿಗೆ ಸಿಕ್ಕ ಕೆಲಸವೂ ಹೌದಿನದೇ ನೋಡಿ. ನಮ್ಮ ಕಡೆ ನೀರಿನ ತೊಟ್ಟಿಗೂ ಹೌದು ಅನ್ನುತ್ತಾರಲ್ಲ, ಅದು. ಊರಾಚೆ ಕಲ್ಲಿನ ಗಣಿ, ಅದರ ಮಗ್ಗುಲಲ್ಲೇ ಕಲ್ಲು ಒಡೆದು ಉಸುಕು ತೊಳೆಯುವ ಕ್ರಷರ್. ಮಳೆ ಬಿದ್ದರೆ ಅಂಗಳದ ಕಲ್ಲುಪುಡಿ, ಎಣ್ಣೆಜಿಡ್ಡು ಎಲ್ಲ ಕೊಚ್ಚಿಕೊಂಡು ಹಳ್ಳಕ್ಕೆ ಇಳಿಯುತ್ತದೆ. ಹಾಗಾಗಬಾರದೆಂದು ಇಳಿಜಾರಿನಲ್ಲಿ ಒಂದರ ಕೆಳಗೊಂದು ಮೂರು ಹೌದು ಕಟ್ಟಿಸಿದ್ದರು. ನೀರು ಅಲ್ಲಿ ನಿಂತು, ಪುಡಿ ತಳಕ್ಕಿಳಿದು ತಿಳಿಯಾದ ಮೇಲೆಯೇ ಕೊನೆಯ ಹೌದಿನ ಬಾಗಿಲೆತ್ತಬೇಕು. ಹೂಳು ತೆಗೆಯುವುದು, ಕಾಲುವೆ ಬಿಡಿಸುವುದು, ತಿಳಿ ನೋಡುವುದು ಶಾಮೀದಸಾಬನ ಪಾಲಿನ ಕೆಲಸ.

ಹಳ್ಳದ ಕೆಳಗೆ ಅವನ ಅಕ್ಕ ಹೀರಾಬಿ ಸೊಪ್ಪು ಬೆಳೆಯುತ್ತಿದ್ದಳು. ಮೆಂತ್ಯ, ರಾಜಗಿರಿ, ಪುಂಡಿಪಲ್ಲೆ. ಮಾನ್ವಿ ಸಂತೆಯಲ್ಲಿ ಅವಳ ಸೊಪ್ಪಿಗೆ ಹೆಸರಿತ್ತು. ತಾಯಿ ಸತ್ತ ಮೇಲೆ ತಮ್ಮನನ್ನು ಸಾಕಿದವಳೂ ಅವಳೇ.

ಹೋದ ಮಳೆಗಾಲದಲ್ಲಿ ಎಡವಟ್ಟಾಯಿತು. ಶಾಮೀದಸಾಬ ಮೇಲಿನ ಕಾಲುವೆಯಲ್ಲಿ ನೆನೆಯುತ್ತ ನಿಂತಿದ್ದಾಗ ಆಫೀಸಿನಿಂದ ಮ್ಯಾನೇಜರ್ ನರಸಿಂಹನ ಫೋನು ಬಂತು. "ಸಾಬರ, ಬಾಗಲಾ ಎತ್ತಿಸಲೇನ್ರಿ?"

"ಹೌದು ರೀ..." ಎಂದ. 'ಹೌದು ಇನ್ನೂ ರಾಡಿ ಅದ ರೀ' ಎಂದು ಮುಗಿಸುವಷ್ಟರಲ್ಲಿ ಫೋನು ಕಟ್ಟಾಗಿತ್ತು. ನರಸಿಂಹ ಕೆಳಗೆ ಬಾಗಿಲ ಬಳಿಯಿದ್ದ ಆಳು ಗಡಿಗೆಪ್ಪನಿಗೆ ಹೇಳಿ ಬಾಗಿಲೆತ್ತಿಸಿಯೇಬಿಟ್ಟ. ಹಳ್ಳದ ತುಂಬ ಹಾಲಿನಂಥ ನೀರು. ಹೀರಾಬಿಯ ಮಡಿಗಳೆಲ್ಲ ಸುಣ್ಣ ಬಳಿದಂತಾಗಿ, ಆ ಸಲದ ಸೊಪ್ಪೆಲ್ಲ ತಿಪ್ಪೆಗೆ ಹೋಯಿತು.

"ನಿನ್ನ ಹೌದು ನನ್ನ ಹೊಟ್ಟಿ ಮ್ಯಾಲೆ ಬಡೀತು," ಎಂದಳು ಅಕ್ಕ. "ಇಲ್ಲ ಅನ್ನಾಕ ಕಲಿ. ಕಲ್ತ ಮ್ಯಾಲೆ ನನ್ನ ಹೊಸ್ತಿಲ ತುಳಿ."

ರಂಜಾನ್ ಬಂತು, ಹೋಯಿತು. ಅಕ್ಕನ ಮನೆಯಿಂದ ಹಬ್ಬದ ಶ್ಯಾವಿಗೆ ಪಾಯಸ, ಸುರಕುಂಬಾ, ಬರಲಿಲ್ಲ. ಮಂದಿಯ ಮುಂದೆ ನಗುತ್ತಿದ್ದ ಶಾಮೀದಸಾಬ, ಮನೆಯಲ್ಲಿ ಹೆಂಡತಿ ಮಾಡಿದ್ದನ್ನು ಅರ್ಧ ಬಟ್ಟಲಿಗೇ ಬಿಟ್ಟೆದ್ದ. ಅವನಿಗೆ ಬಹಳ ನೋವಾಗಿತ್ತು.

ಈ ವರ್ಷ ಮೋಡ ಕಟ್ಟುವ ಮೊದಲೇ ಟೊಂಕ ಕಟ್ಟಿದ. ಮೂರೂ ಹೌದುಗಳ ಹೂಳು ಎತ್ತಿಸಿದ. ಡೀಸೆಲ್ ಬ್ಯಾರಲ್‌ಗಳನ್ನು ಶೆಡ್ಡಿನೊಳಗೆ ಉರುಳಿಸಿದ. ಪುಡಿಯ ರಾಶಿಗೆ ಸುತ್ತ ಒಡ್ಡು ಹಾಕಿಸಿದ. ಒಂದು ಮಧ್ಯಾಹ್ನ ಮಳೆ ಹೊಯ್ದೇ ಹೊಯ್ದಿತು. ಹೌದುಗಳು ತುಂಬಿ, ಅಂಗಳದಲ್ಲಿ ನಿಂತ ನೀರು ಟಿಪ್ಪರುಗಳ ಗಾಲಿ ಮುಟ್ಟಿತು. ಫೋನು ಬಂತು.

"ಸಾಬರ, ಗಾಡಿ ಎಲ್ಲಾ ನಿಂತಾವ. ಬಾಗಲಾ ಎತ್ತಿಸಲೇನ್ರಿ?"

ಶಾಮೀದಸಾಬ ಕೊನೆಯ ಹೌದಿನಿಂದ ಗಾಜಿನ ಲೋಟದಲ್ಲಿ ನೀರು ತುಂಬಿ ನೋಡಿದ. ಬೆಳ್ಳಗಿತ್ತು.

"ಇಲ್ರಿ. ಬ್ಯಾಡ."

ನರಸಿಂಹ ನಂಬಲಿಲ್ಲ. "ಯಾರ್ರೀ ಮಾತಾಡೋರು? ಶಾಮೀದಸಾಬರ ಕೈಯಾಗ ಫೋನ್ ಕೊಡ್ರಿ."

"ನಾನ ಮಾತಾಡಾಕತ್ತೀನ್ರಿ."

"ನೀವ ಏನ್ರಿ?"

'ಹೌದು' ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಪುಣ್ಯಾತ್ಮ ನುಂಗಿಕೊಂಡ. "ನಾನ ರೀ. ನೀರು ತಿಳಿ ಆಗಿಲ್ಲ. ಎತ್ತಬ್ಯಾಡ್ರಿ."

"ಆತು ಬಿಡ್ರಿ," ಎಂದು ನರಸಿಂಹ ನಕ್ಕ. "ನೀವ ಇಲ್ಲ ಅಂದ್ರ ಅದಕ್ಕ ಏನರ ಕಾರಣ ಇದ್ದ ಇರ್ತದ."

ಗಾಡಿಗಳು ನಿಂತಲ್ಲೇ ನಿಂತವು. ಮರುದಿನ ನೀರು ತಿಳಿಯಾದ ಮೇಲೆ ಗಡಿಗೆಪ್ಪ ಬಾಗಿಲೆತ್ತಿದ. ಶಾಮೀದಸಾಬ ನೀರಿನ ಜೊತೆಯಲ್ಲೇ ಹಳ್ಳದ ದಂಡೆಗುಂಟ ನಡೆದು ತೋಟದ ಹತ್ತಿರ ಬಂದ. ಹೀರಾಬಿ ಬೊಗಸೆಯಲ್ಲಿ ನೀರು ಹಿಡಿದು ನೋಡುತ್ತಿದ್ದಳು.

"ಇಲ್ಲ ಅಂದಿಯಂತ. ಗಡಿಗೆಪ್ಪ ಹೇಳಿದ. ಖರೇನ?"

"ಹೌದು."

"ಯಾವ ಹೌದೋ?"

ಅವನು ಬಾಯಿ ಮುಟ್ಟಿ ತೋರಿಸಿದ. ಅವಳು ಬೊಗಸೆಯ ನೀರನ್ನು ಮೆಂತ್ಯದ ಮಡಿಗೆ ಸುರಿದು, ಕೈಯನ್ನು ಸೆರಗಿಗೆ ಒರೆಸಿಕೊಂಡಳು.

"ಊಟಕ್ಕ ಬಾ. ಸುರಕುಂಬಾ ಮಾಡ್ತೀನಿ."

"ಈಗ ಹಬ್ಬ ಇಲ್ಲಲ್ಲ, ಆಪಾ."

"ಕಲ್ತಿ ಅಂತ ನನ್ನ ಮುಂದೂ ಇಲ್ಲ ಅನಬ್ಯಾಡ," ಎಂದಳು ಹೀರಾಬಿ.