ಹಳೇ ಆಂಟೆನಾ

ಊರಿನವರೆಲ್ಲ ಅವಳನ್ನು ಕಂಬದಕ್ಕ ಎನ್ನುತ್ತಿದ್ದರು. ಗುಡ್ಡದ ನೆತ್ತಿಯಲ್ಲೊಂದು ಕಾಂಕ್ರೀಟ್ ಕಂಬ, ಅದರ ತಲೆಯ ಮೇಲೆ ಆಂಟೆನಾ, ಪಕ್ಕದಲ್ಲಿ ಸೋಲಾರ್ ಫಲಕ, ಬ್ಯಾಟರಿ ಪೆಟ್ಟಿಗೆ. ಅವನ್ನು ನೋಡಿಕೊಳ್ಳುವುದೇ ಅವಳ ನೌಕರಿ. ನಿನ್ನ ಸಂಸಾರ ಇಷ್ಟೇ ಎಂದು ನಾನೂ ರೇಗಿಸುತ್ತಿದ್ದೆ. ಉಪಗ್ರಹಗಳ ಸಂಕೇತ ಹಿಡಿದು ಆ ಕಂಬ ತಾನಿರುವ ಜಾಗವನ್ನು ಕಚೇರಿಗೆ ಹೇಳುತ್ತಲೇ ಇರುತ್ತದೆ. ಗುಡ್ಡ ಚೂರು ಜರುಗಿದರೂ ತಿಳಿಯುತ್ತದೆ. ಗುಡ್ಡದ ಬುಡದ ಬೀದಿಯಲ್ಲಿ ಅವಳ ತಮ್ಮನ ಮನೆ. ನಾನು ಅವಳ ಜೀಪಿನ ಡ್ರೈವರ್. ಬೈಸಿಕೊಳ್ಳುವುದೂ ನನ್ನ ಕೆಲಸವೇ.

ಹೋದ ವರ್ಷ ಕಂಬ ಜರುಗಿದೆ ಎಂದು ಅವಳು ಆ ಬೀದಿಯನ್ನೇ ಖಾಲಿ ಮಾಡಿಸಿದ್ದಳು. ಆಮೇಲೆ ನೋಡಿದರೆ ಆಂಟೆನಾದ ತಿರುಪು ಸಡಿಲವಾಗಿತ್ತು, ಅಷ್ಟೆ. ಶಾಲೆಯ ನೆಲದ ಮೇಲೆ ಮಲಗೆದ್ದ ಜನ ಸುಮ್ಮನೆ ಬಿಟ್ಟಾರೆಯೇ? ಗುಡ್ಡ ಎಲ್ಲಿಯವರೆಗೆ ಬಂತಕ್ಕ ಎಂದು ಕೇಳಿದ್ದೇ ಕೇಳಿದ್ದು. ಎಲ್ಲರಿಗಿಂತ ಜೋರಾಗಿ ನಕ್ಕವನು ತಮ್ಮನೇ.

ಈ ಸಲ ಹಳೆಯದನ್ನು ಬಿಚ್ಚಿ ಹೊಸ ಆಂಟೆನಾ ಕೂರಿಸಿದೆವು. ಮಾರನೆಯ ದಿನವೇ ಕಚೇರಿಯಿಂದ ಫೋನು. ಕಂಬ ಬೆರಳಗಲ ಕೆಳಗೆ ಸರಿದಂತಿದೆ, ಆಂಟೆನಾ ಬದಲಾದಾಗ ಹೀಗಾಗುವುದುಂಟು, ವಾರ ಕಾಯೋಣ ಎಂದರು. ಹೀಗಾಗುವುದುಂಟು ಎಂದು ಅವಳಿಗೂ ಗೊತ್ತು. ಆದರೆ ಹೆಚ್ಚುಕಡಿಮೆ ಮಾಡಿದ್ದು ಆಂಟೆನಾವೋ ಗುಡ್ಡವೋ ಎಂಬುದು ಗೊತ್ತಿಲ್ಲ.

ಹಳೇ ಆಂಟೆನಾ ಇನ್ನೂ ಜೀಪಿನಲ್ಲೇ ಬಿದ್ದಿತ್ತು. ಅದನ್ನೇ ಮತ್ತೆ ಕೂರಿಸುವುದು. ಕಂಬ ಹಳೆಯ ಜಾಗವನ್ನೇ ಹೇಳಿದರೆ ತಪ್ಪು ಹೊಸ ಆಂಟೆನಾದ್ದು, ಇಲ್ಲದಿದ್ದರೆ ಗುಡ್ಡ ನಿಜಕ್ಕೂ ಸರಿದಿದೆ. ಬೆಳಕು ಹರಿಯುತ್ತಲೇ ಹೊರಟೆವು. ತಿರುಪನ್ನು ತಾನು ಬಿಗಿದು, ನನ್ನಿಂದ ಬಿಗಿಸಿ, ಮತ್ತೆ ತಾನೇ ಬಿಗಿದಳು. ಮೋಡ ಕವಿದು ಫಲಕಕ್ಕೆ ಬಿಸಿಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಬ್ಯಾಟರಿಯ ಕೆಂಪು ದೀಪ ಹತ್ತಿತು. ಅವಳು ನನ್ನ ಮುಖ ನೋಡಿದಳು. ಗೊಣಗುತ್ತಲೇ ಜೀಪಿನ ಬ್ಯಾಟರಿ ಕಳಚಿ ಹೊತ್ತು ತಂದೆ.

"ದೇವ್ರೇ, ತಪ್ಪು ನಂದೇ ಆಗಿರ್ಲಿ" ಎನ್ನುತ್ತಿದ್ದಳು. ತನ್ನ ಕೆಲಸ ಕೆಟ್ಟಿರಲಿ ಎಂದು ಬೇಡಿಕೊಂಡವರನ್ನು ನಾನು ಬೇರೆ ಕಂಡಿಲ್ಲ.

ಸಂಜೆ ಕಚೇರಿಯವರು ಲೆಕ್ಕ ಹಾಕಿ ತಿಳಿಸಿದರು. ಕಂಬ ಹಳೆಯ ಜಾಗ ಹೇಳಲಿಲ್ಲ, ನಿನ್ನೆಗಿಂತಲೂ ಕೆಳಗಿನದನ್ನು ಹೇಳುತ್ತಿತ್ತು. ಬೀದಿ ಖಾಲಿ ಮಾಡಿಸಲು ಅಪ್ಪಣೆ ಕೊಡಬೇಕಾದ ಸಾಹೇಬರು ನಾಳೆ ಬರುತ್ತಾರಂತೆ. ತಮ್ಮನಿಗೆ ಫೋನ್ ಮಾಡಿದರೆ ಅವನು ನಕ್ಕು ಇಟ್ಟುಬಿಟ್ಟ. ಬ್ಯಾಟರಿ ಕಿತ್ತರೆ ಕಂಬ ಮೂಕವಾಗುತ್ತದೆ, ಆದ್ದರಿಂದ ಜೀಪನ್ನು ಅಲ್ಲೇ ಬಿಟ್ಟು ಎದ್ದುಬಿದ್ದು ಕಾಲುದಾರಿ ಇಳಿದೆವು.

ತಮ್ಮ ಬಾಗಿಲಲ್ಲೇ ನಿಂತಿದ್ದ. ಒಳಗೆ ಅವನ ಹೆಂಡತಿ ಮಗುವಿಗೆ ಉಣ್ಣಿಸುತ್ತಿದ್ದಳು. ಕಂಬದಕ್ಕ ಬೈದಳು, ಕೈಮುಗಿದಳು, ಅತ್ತಳು. ಅಕ್ಕಪಕ್ಕದವರು ಅವನನ್ನೇ ನೋಡುತ್ತಿದ್ದರು. ತಮ್ಮನೇ ಹೊರಡದಿದ್ದರೆ ಬೇರೆ ಯಾರು ತಾನೇ ಹೊರಡುತ್ತಾರೆ?

"ತಿರುಪು ಸರಿಯಾಗಿ ನೋಡ್ದ್ಯಾ ಅಕ್ಕ?" ಎಂದ ಅವನು.

ಅವಳು ಚಪ್ಪಲಿ ಬಿಟ್ಟು ಒಳಗೆ ಹೋಗಿ, ಗುಡ್ಡದ ಕಡೆಯ ಗೋಡೆಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಳು.

"ನೀವು ಹೊರಡೋ ತನಕ ನಾನೂ ಏಳಲ್ಲ."

ತಮ್ಮ ನಗಲು ಹೊರಟವನು ಅವಳು ಒರಗಿದ್ದ ಗೋಡೆಯತ್ತ ನೋಡಿದ. ಗುಡ್ಡ ಕುಸಿದರೆ ಮೊದಲು ಬೀಳುವುದು ಅದೇ. ಮಗುವನ್ನು ಎತ್ತಿಕೊಂಡು ಬೀದಿಗಿಳಿದ. ಹಿಂದೆಯೇ ಅವನ ಹೆಂಡತಿ. ಅದನ್ನು ಕಂಡು ಎದುರು ಮನೆಯವರು ಬೀಗ ಹುಡುಕತೊಡಗಿದರು.

ಬೀದಿ ಖಾಲಿಯಾದ ಮೇಲೂ ಅವಳು ಕೂತೇ ಇದ್ದಳು. ಎಲ್ರೂ ಹೋದ್ರಾ ಎಂದು ಮೂರು ಸಲ ಕೇಳಿದಳು. ನಾನೇ ರಟ್ಟೆ ಹಿಡಿದು ಎಬ್ಬಿಸಿದೆ.