ಬೈಕ್ ಹತ್ತಿದರೇ ಬರುತ್ತಿದ್ದ ನಿದ್ದೆ

ಒಂದು ವರ್ಷ ತುಂಬುವ ಹೊತ್ತಿಗೆ ನನ್ನ ಮಗಳಿಗೆ ಬೈಕ್ ಹತ್ತದೆ ನಿದ್ದೆಯೇ ಬಾರದಂತಾಗಿತ್ತು. ತಪ್ಪು ನನ್ನದೇ. ಹಲ್ಲು ಬರುವಾಗ ಒಂದು ಸಂಜೆ ಏನು ಮಾಡಿದರೂ ಅಳು ನಿಲ್ಲಿಸಲಿಲ್ಲ. ಹೆಂಡತಿಯ ಹಳೇ ಸೀರೆಯಲ್ಲಿ ಅವಳನ್ನು ಎದೆಗೆ ಕಟ್ಟಿಕೊಂಡು ನೊಣವಿನಕೆರೆ ಕಡೆ ಒಂದು ಸುತ್ತು ಹೊರಟೆ. ತಿಪಟೂರು ದಾಟುವಷ್ಟರಲ್ಲಿ ಮಲಗಿಬಿಟ್ಟಳು. ಮಾರನೆಯ ದಿನವೂ ಹಾಗೇ ಮಾಡಿದೆ. ಆಮೇಲೆ ಅದೇ ಅಭ್ಯಾಸವಾಯಿತು. ಮನೆ ಮುಂದೆ ಇಂಜಿನ್ ಆರಿಸಿದರೆ ಕಣ್ಣು ಬಿಡುವಳು, ಮತ್ತೊಂದು ಸುತ್ತು ಹೋಗಬೇಕು.

ನಾನು ಬೈಕ್ ಮೆಕ್ಯಾನಿಕ್. ದಿನವಿಡೀ ಬೇರೆಯವರ ಗಾಡಿ ಬಿಚ್ಚಿ ಜೋಡಿಸಿ, ಕೈಯ ಗ್ರೀಸ್ ತೊಳೆದು, ಉಣ್ಣುವ ಮೊದಲೇ ಮತ್ತೆ ಗಾಡಿ ಹತ್ತುತ್ತಿದ್ದೆ. ಉಳಿದ ರಾತ್ರಿಯೆಲ್ಲ ಹೆಂಡತಿಯ ಪಾಳಿ. ನಾವಿಬ್ಬರೂ ಮಾತಾಡುವುದೇ ನಿಂತುಹೋಗಿತ್ತು. ಜಗಳವಿರಲಿಲ್ಲ, ಬಾಯಿ ತೆರೆಯಲೂ ಸುಸ್ತು.

ಅಂಥದೊಂದು ಸಂಜೆ ಮಗಳ ಜೊತೆ ನನಗೂ ನಿದ್ದೆ ಬಂತು. ಕಣ್ಣು ಮುಚ್ಚಿದ್ದು ಗೊತ್ತೇ ಆಗಲಿಲ್ಲ. ಬೈಕ್ ರಸ್ತೆ ಬಿಟ್ಟು, ತೋಟದ ಅಂಚಿನಲ್ಲಿ ಒಟ್ಟಿದ್ದ ತೆಂಗಿನ ಸಿಪ್ಪೆಯ ರಾಶಿಗೆ ನುಗ್ಗಿ ವಾಲಿತು. ಎಡ ಮೊಣಕೈ ಊರಿ ಬಿದ್ದೆ, ಇಂಜಿನ್ ಮಾತ್ರ ಓಡುತ್ತಲೇ ಇತ್ತು. ತೋಟದ ಮನೆಯಿಂದ ವಯಸ್ಸಾದ ಗಂಡ ಹೆಂಡತಿ ಟಾರ್ಚ್ ಹಿಡಿದು ಓಡಿಬಂದರು.

"ಕುಡ್ದಿದ್ದೀಯೇನ್ಲಾ, ಮಗೀನ ಕಟ್ಕೊಂಡು?" ಎಂದು ಅಜ್ಜ ಗದರಿದರು.

"ಇಲ್ಲ ಕಣಣ್ಣ, ನಿದ್ದೆ ಬಂದ್ಬುಡ್ತು," ಎನ್ನುವಾಗ ನನಗೆ ಅಳು ಬಂತು.

ಅಜ್ಜಿ ಸೀರೆಯ ಗಂಟು ಬಿಚ್ಚಿ, ಮಗುವಿನ ತಲೆ, ಕೈಕಾಲು ಎಲ್ಲ ಮುಟ್ಟಿ ನೋಡಿದರು. "ಏನೂ ಆಗಿಲ್ಲ ಬುಡಪ್ಪ, ಕೂಸು ಎದ್ದೇ ಇಲ್ಲ. ನೀನೂ ಒಂದ್ಗಳಿಗೆ ಮಲ್ಕೋ, ನಾ ನೋಡ್ಕತೀನಿ."

ಪಂಕ್ಚರ್ ಆಗಿದೆ ಎಂದು ಮನೆಗೆ ಫೋನ್‌ನಲ್ಲಿ ಸುಳ್ಳು ಹೇಳಿ, ಗುರುತಿಲ್ಲದವರ ಜಗುಲಿಯ ಮೇಲೆ ಅರ್ಧ ಗಂಟೆ ಸತ್ತವನಂತೆ ಮಲಗಿದೆ.

ಮನೆಗೆ ಬಂದಾಗ ಹೆಂಡತಿ ನನ್ನ ಕೈ ನೋಡಿದಳು. "ಪಂಕ್ಚರ್ ಆದ್ರೆ ಮೊಣಕೈ ತರಚುತ್ತೇನ್ರೀ?"

ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. ಸೀರೆಯನ್ನು ಮಡಿಸಿ ಅಟ್ಟದ ಮೇಲೆ ಎಸೆದು, "ನಾಳೆಯಿಂದ ಇದು ಬೇಡ," ಎಂದಳು, ಅಷ್ಟೇ.

ಅದೇ ವಾರ ಚುಚ್ಚುಮದ್ದಿಗೆ ಹೋದಾಗ ನರ್ಸ್ ಒಬ್ಬರನ್ನು ಕೇಳಿದೆವು. "ಸಾಯಂಕಾಲದ ನಿದ್ದೆ ಬಿಡಿಸಿ. ದಿನಾ ಒಂದೇ ಹೊತ್ತಿಗೆ ಊಟ ಮಾಡಿಸಿ, ಮೈ ಒರೆಸಿ, ಟಿವಿ, ಲೈಟು ಆರಿಸಿ. ಇನ್ನೂ ಎಚ್ಚರ ಇರುವಾಗ್ಲೇ ಹಾಸಿಗೇಲಿ ಬಿಡಿ. ಎತ್ಕೊಂಡು ಓಡಾಡ್ಬೇಡಿ, ಪಕ್ಕದಲ್ಲೇ ಕೂತಿರಿ," ಎಂದರು.

"ಅತ್ತರೆ?" ಎಂದಳು ಹೆಂಡತಿ.

"ಅಳ್ತಾಳೆ. ಅಪ್ಪ ಅಮ್ಮ ಇಲ್ಲೇ ಇದ್ದಾರೆ ಅಂತ ಗೊತ್ತಾದ್ರೆ ಸಾಕು."

ಮೊದಲ ರಾತ್ರಿ ಮಗಳು ಹಾಸಿಗೆಯಲ್ಲಿ ಎದ್ದು ನಿಂತು, ಬಾಗಿಲ ಕಡೆ ಕೈ ತೋರಿಸಿ "ಬುರ್, ಬುರ್" ಎಂದು ಅತ್ತಳು. ಬೆನ್ನ ಮೇಲೆ ಕೈಯಿಟ್ಟರೆ ತಳ್ಳಿದಳು. ನಾನು ಎರಡು ಸಲ ಬೈಕಿನ ಕೀ ಹುಡುಕಲು ಎದ್ದೆ. "ಕೂತ್ಕಳ್ರೀ," ಎಂದ ಹೆಂಡತಿಯ ಕಣ್ಣಲ್ಲೂ ನೀರಿತ್ತು. ಒಂದು ಗಂಟೆಯ ಮೇಲಾಯಿತು. ಮಗಳು ಅತ್ತು ದಣಿದು ಮಲಗಿದಳು. ಗೆದ್ದೆವು ಅನ್ನಿಸಲಿಲ್ಲ, ಏನೋ ಕ್ರೂರ ಕೆಲಸ ಮಾಡಿದಂತಿತ್ತು.

ನಾಲ್ಕನೆಯ ದಿನ ಅಳು ಅರ್ಧಕ್ಕೆ ಇಳಿಯಿತು. ಇನ್ನೊಂದು ವಾರದಲ್ಲಿ ಅವಳೇ ನನ್ನ ಬೆರಳು ಹಿಡಿದು, ಆಕಳಿಸಿ, ಮಗ್ಗುಲಾದಳು. ಬೆರಳು ಬಿಡಿಸಿಕೊಳ್ಳಲು ಧೈರ್ಯವಾಗದೆ ತುಂಬಾ ಹೊತ್ತು ಹಾಗೇ ಕೂತಿದ್ದೆ.

ಈಗ ಅವಳಿಗೆ ಎರಡು ವರ್ಷ. ಜ್ವರ ಬಂದರೆ, ನೆಂಟರ ಮನೆಗೆ ಹೋದರೆ ಎಲ್ಲ ಕೆಡುತ್ತದೆ, ಮತ್ತೆ ಮೊದಲಿನಿಂದ ಶುರು. ಅವಳು ಮಲಗಿದ ಮೇಲೆ ನಾವಿಬ್ಬರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಒಂದೊಂದು ದಿನ ಹೆಂಡತಿ ತಟ್ಟೆ ಮುಂದೆಯೇ ತೂಕಡಿಸುತ್ತಾಳೆ. ನಾನು ಮೆಲ್ಲಗೆ ಎಬ್ಬಿಸಿ ಕೈ ತೊಳೆಸುತ್ತೇನೆ.