ಎರಡನೆಯ ಅಂಕಕ್ಕೆ ಮುಂಚೆ

ದೋಹಾದ ನಮ್ಮ ಕನ್ನಡ ಸಂಘದವರಿಗೆ ನಾಟಕವೆಂದರೆ ಸನ್ಮಾನಗಳ ನಡುವೆ ಹೊತ್ತು ಕಳೆಯುವ ಒಂದು ವ್ಯವಸ್ಥೆ. ತೊಂಬತ್ತರ ದಶಕದಲ್ಲಿ ನಾನು ಅಲ್ಲಿದ್ದ ಏಳು ವರ್ಷವೂ ಇದೇ ಕಥೆ. ಭಾಷಣ, ಹಾರ, ಶಾಲು, ಹಣ್ಣಿನ ಬುಟ್ಟಿ, ಮತ್ತೆ ಭಾಷಣ. ಸಮಯ ಉಳಿದರೆ ಕಲೆ. ಹಿಂದಿನ ಸಾಲಿನಲ್ಲಿ ಕೂತು ನಾನು ಒಬ್ಬೊಬ್ಬರನ್ನೇ ಆಡಿಕೊಳ್ಳುತ್ತಿದ್ದೆ. ಹೆಂಡತಿ ಮೊಣಕೈಯಿಂದ ತಿವಿದು ಸುಮ್ಮನಾಗಿಸುತ್ತಿದ್ದಳು.

ಅವಳು ಒಂದು ಕಂಪನಿಯಲ್ಲಿ ಸೆಕ್ರೆಟರಿ. ಅವಳ ಅಮೆರಿಕನ್ ಮ್ಯಾನೇಜರನ ಪತ್ನಿ ತಮ್ಮ ಕ್ಲಬ್ಬಿನಲ್ಲಿ ಹಳೆಯ ಸಂಗೀತ ನಾಟಕವೊಂದನ್ನು ಆಡಿಸಿದರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ನ್ಯೂಯಾರ್ಕಿನ ಪುಟ್ಟ ರಂಗಮಂದಿರಗಳಿಗೆಂದೇ ಬರೆಯುತ್ತಿದ್ದ ಬಗೆಯ ನಗೆನಾಟಕ ಅದು. ರಾಜ ರಾಣಿಯರಿಲ್ಲ, ಕುಣಿಯುವವರ ದಂಡಿಲ್ಲ. ಮಾಮೂಲಿ ಜನ ಮಾತಾಡುತ್ತಾ ಮಾತಾಡುತ್ತಾ ಹಾಡಿಗೆ ಜಾರುತ್ತಾರೆ, ಹಾಡು ಮುಗಿಯುವಷ್ಟರಲ್ಲಿ ಕಥೆ ಮುಂದೆ ಹೋಗಿರುತ್ತದೆ. ಸ್ಕ್ರಿಪ್ಟ್ ಟೈಪ್ ಮಾಡಿಕೊಡಲು ಹೋದ ಇವಳು ಮನಸೋತು ಬಂದಳು.

ಅದೇ ಧಾಟಿಯಲ್ಲಿ ತಾನೂ ಕನ್ನಡದಲ್ಲಿ ಒಂದು ಬರೆದಳು. ಒಂದೇ ಫ್ಲ್ಯಾಟನ್ನು ಎರಡು ಸಂಸಾರಗಳಿಗೆ ಬಾಡಿಗೆಗೆ ಕೊಟ್ಟ ಫಜೀತಿ. ಎರಡನೆಯ ಅಂಕದ ಕೊನೆಯಲ್ಲಿ, ನಾಯಕಿಯ ಪಾತ್ರದಲ್ಲಿ ಅವಳೇ ತಟ್ಟೆ ಒರೆಸುತ್ತಾ ಮೆಲುದನಿಯಲ್ಲಿ ಹಾಡುವ ಒಂದು ಹಾಡು. ಕಥೆಯ ಗಂಟು ಬಿಚ್ಚುವುದೇ ಅದರಲ್ಲಿ. ದೋಹಾ ಅಲ್ ಜದೀದಾ ಬಡಾವಣೆಯ ನಮ್ಮ ಅಡುಗೆಮನೆಯಲ್ಲಿ ನಾಲ್ಕು ತಿಂಗಳು ಅದನ್ನು ತಿದ್ದಿದಳು.

"ಇದೊಂದು ಸರಿಯಾಗಿ ಬಂದ್ರೆ ಸಾಕು ರೀ, ಇನ್ನೇನೂ ಬೇಡ ನಂಗೆ" ಎನ್ನುತ್ತಿದ್ದಳು.

ಸಂಘದ ಅಧ್ಯಕ್ಷರು ಮಂಗಳೂರು ಕಡೆಯ ವ್ಯಾಪಾರಿ. ಚಿಕ್ಕ ಕೋಣೆ ಸಾಕು, ಎಂಬತ್ತು ಕುರ್ಚಿ ಹಾಕಿಸಿ, ಮೈಕ್ ಬೇಡ ಎಂದು ಅವಳು ಬೇಡಿಕೊಂಡಳು.

"ಮೈಕ್ ಇಲ್ಲದೆ ಎಂತ ನಾಟಕ ಮಾರಾಯ್ರೆ? ಚೀಫ್ ಗೆಸ್ಟ್ ಮತ್ತೆ ಎಂತದರಲ್ಲಿ ಮಾತಾಡುವುದು?"

ಶಾಲೆಯೊಂದರ ದೊಡ್ಡ ಸಭಾಂಗಣ ನಿಗದಿಯಾಯಿತು. ಶುಕ್ರವಾರ ಸಂಜೆ, ಎಂಟಕ್ಕೆ ಸರಿಯಾಗಿ ಖಾಲಿ ಮಾಡಬೇಕೆಂಬ ಷರತ್ತು. ಅಷ್ಟು ದೊಡ್ಡ ಜಾಗದಲ್ಲೂ ಮೊದಲ ಅಂಕ ಗೆದ್ದಿತು. ಜನ ನಕ್ಕರು. ನನಗೆ ಹೆಮ್ಮೆಯಾಯಿತು.

ಪರದೆ ಬಿದ್ದದ್ದೇ ತಡ, ಅಧ್ಯಕ್ಷರು ವೇದಿಕೆ ಹತ್ತಿ ಭಾಷಣ ಬಿಗಿದರು. ಸಭಾಂಗಣ ಒದಗಿಸಿದವರು, ಕುರ್ಚಿ ಕೊಡಿಸಿದವರು, ಬರೀ ಬಂದವರು, ಎಲ್ಲರಿಗೂ ಶಾಲು. ಹೆಗಲು ಮುಂದೆ ಮಾಡಿಕೊಂಡು ಸಾಲುಗಟ್ಟಿದ ಅವರನ್ನು ನೋಡಿ ನನಗೆ ಹೇಸಿಗೆಯಾಯಿತು. ಕೊನೆಗೆ ನಾಟಕ ಬರೆದವರ ಸರದಿ.

"ಮೇಡಂ ಒಳಗೆ ಮೇಕಪ್ಪಿನಲ್ಲಿದ್ದಾರೆ. ಅವರ ಪರವಾಗಿ ಯಜಮಾನರು ಬರ್ಬೇಕು."

ಯಜಮಾನರು ಹೋದರು. ತಲೆಗೆ ಮೈಸೂರು ಪೇಟ ಇಟ್ಟರು, ಕೈಗೆ ಮೈಕ್ ಕೊಟ್ಟರು. "ಥ್ಯಾಂಕ್ಸ್" ಎಂದು ಇಳಿದುಬಿಡಬಹುದಿತ್ತು. ನಾನು ನನ್ನ ಕಾಲೇಜಿನ ನಾಟಕಗಳಿಂದ ಶುರುಮಾಡಿದೆ. ಅಲ್ಲಿಂದ ನ್ಯೂಯಾರ್ಕಿಗೆ ಹೋದೆ. ಪುಟ್ಟ ರಂಗಮಂದಿರದಲ್ಲಿ ಮಾತು ಎಷ್ಟು ಮಿತವಾಗಿರಬೇಕು ಎಂಬ ಬಗ್ಗೆ ವಿಸ್ತಾರವಾಗಿ ಮಾತಾಡಿದೆ. ಚಪ್ಪಾಳೆ ಬಿತ್ತು. ಅದಕ್ಕೇ ಇನ್ನಷ್ಟು ಮಾತಾಡಿದೆ.

ಎರಡನೆಯ ಅಂಕ ಅರ್ಧ ದಾಟಿತ್ತು. ಎಂಟಾಯಿತು. ವಾಚ್‌ಮನ್ ಪಕ್ಕದ ಬಾಗಿಲಿನಿಂದ ಬಂದು "ಖಲಾಸ್, ಯಲ್ಲಾ", ಮುಗೀತು, ಹೊರಡಿ ಎಂದು ಒಂದೊಂದೇ ದೀಪ ಆರಿಸತೊಡಗಿದ. ಅಧ್ಯಕ್ಷರು ಪರದೆ ಎಳೆಸಿದರು. ಜನ ಎದ್ದು ಊಟದ ಪೊಟ್ಟಣದ ಕಡೆ ನಡೆದರು; ಕಥೆ ಮುಗಿದಿಲ್ಲವೆಂದು ಒಬ್ಬರೂ ಕೇಳಲಿಲ್ಲ.

ನಾನು ಪರದೆಯ ಹಿಂದೆ ಹೋದೆ. ಅವಳು ತಟ್ಟೆ, ಬಟ್ಟೆ ಹಿಡಿದು ನಿಂತೇ ಇದ್ದಳು. ಈ ಸಂಘದವರಿಗೆ ಮಾನ ಮರ್ಯಾದೆ ಇಲ್ಲ ಎಂದು ನಾನು ಬೈಯತೊಡಗಿದೆ. ನಾನು ಪೂರ್ತಿ ಬೈದು ಮುಗಿಸಿದ ಮೇಲೆ ಅವಳು ತಟ್ಟೆಯನ್ನು ಕೆಳಗಿಟ್ಟಳು.

"ಗಡಿಯಾರ ನೋಡ್ತಿದ್ದೆ ರೀ" ಎಂದಳು. "ಅಧ್ಯಕ್ಷರು ಹತ್ತು ನಿಮಿಷ ಮಾತಾಡಿದ್ರು. ನೀವು ಇಪ್ಪತ್ತೈದು."